ಹೊಲದ ಗಾಳಿ ಸವಕಳಿಯನ್ನು ಅಳೆದು ನಕ್ಷೆಗೆ ಇಳಿಸುವ ಬಗೆ: ಕಲಬುರಗಿ, ಬೀದರ್, ಯಾದಗಿರಿ ಸೀಮೆಗೊಂದು ಸಮಗ್ರ ಮಾರ್ಗದರ್ಶಿ

ಯರಿ ಹೊಲ ಗಾಳಿಗೆ ಹಾರುವುದಿಲ್ಲ, ಹಾರುವುದೇನಿದ್ದರೂ ಮರಳು ಮಿಶ್ರಿತ ಮಸಾರಿ ಮಾತ್ರ ಎಂಬ ನಂಬಿಕೆ ನಮ್ಮ ಭಾಗದಲ್ಲಿ ಬಲವಾಗಿದೆ. ಮಳೆಗಾಲದಲ್ಲಿ ಕಾಲಿಗೆ ಅಂಟಿ ಬಿಡದ, ಬೇಸಿಗೆಯಲ್ಲಿ ಕಾಲು ಇಳಿಯುವಷ್ಟು ಬಿರಿಯುವ ಕಪ್ಪು ಮಣ್ಣನ್ನು ಕಂಡವರಿಗೆ ಹಾಗೆ ಅನ್ನಿಸುವುದು ಸಹಜ. ಆದರೆ ಮೇ ತಿಂಗಳ ಕೊನೆಯಲ್ಲಿ, ಎರಡು ಮೂರು ಸಲ ಹರಗಿ ಹಸನು ಮಾಡಿದ ಯರಿ ಹೊಲದ ಮೇಲ್ಮಣ್ಣನ್ನು ಬೊಗಸೆಯಲ್ಲಿ ಹಿಡಿದರೆ ಅದು ಹೆಂಟೆಯಾಗಿರುವುದಿಲ್ಲ, ಸಜ್ಜಕದ ರವೆಯಂತೆ ಬೆರಳ ಸಂದಿಯಿಂದ ಜಾರುತ್ತದೆ. ಪದೇ ಪದೇ ನೆನೆದು ಒಣಗುವ ಜಿಗುಟು ಮಣ್ಣು ತಾನಾಗಿಯೇ ಒಡೆದು ಸಣ್ಣ ಹರಳುಗಳಾಗುತ್ತದೆ. ಸುಣ್ಣದ ಅಂಶ ಹೆಚ್ಚಿದ್ದಲ್ಲಿ ಈ ಒಡೆತ ಇನ್ನೂ ಹೆಚ್ಚು. ಆ ಹರಳುಗಳು ಜೇಡಿಯಿಂದಲೇ ಆಗಿದ್ದರೂ ಗಾಳಿಯ ಮುಂದೆ ಮರಳಿನ ಕಣದಂತೆಯೇ ವರ್ತಿಸುತ್ತವೆ.

ನಮ್ಮ ಮೂರು ಜಿಲ್ಲೆಗಳಲ್ಲಿ ಮಣ್ಣಿನ ದೊಡ್ಡ ವೈರಿ ಇಂದಿಗೂ ಹರಿಯುವ ನೀರೇ ಆಗಿದೆ ಎಂಬುದನ್ನು ಮೊದಲೇ ಹೇಳಿಬಿಡಬೇಕು. ಗಾಳಿ ಸವಕಳಿಯಲ್ಲಿ ಪಶ್ಚಿಮ ರಾಜಸ್ಥಾನದೊಂದಿಗೆ ನಮ್ಮನ್ನು ಹೋಲಿಸಿಕೊಳ್ಳುವ ಅಗತ್ಯವಿಲ್ಲ. ಆದರೂ ಗಾಳಿ ಒಯ್ಯುವುದು ಮಣ್ಣಿನ ಅತ್ಯಂತ ನವಿರಾದ ಪಾಲನ್ನು, ಅಂದರೆ ಸಾವಯವ ಅಂಶವೂ ಪೋಷಕಾಂಶವೂ ಹೆಚ್ಚಾಗಿ ಅಂಟಿಕೊಂಡಿರುವ ಪಾಲನ್ನು. ಒಂದು ಎಕರೆಯ ಮೇಲಿಂದ ಕೇವಲ ಒಂದು ಮಿಲಿಮೀಟರ್ ಪದರು ಹೋದರೂ ಅದು ಸುಮಾರು 4 ಘನ ಮೀಟರ್, ತೂಕದಲ್ಲಿ ಸುಮಾರು 5 ಟನ್ ಮಣ್ಣು. ಒಂದು ಮಿಲಿಮೀಟರ್ ಹೋದದ್ದು ಕಣ್ಣಿಗೆ ಕಾಣುವುದಿಲ್ಲ. ಆದ್ದರಿಂದಲೇ ಅಳತೆ ಬೇಕು.

ಮಣ್ಣು ಹೇಗೆ ಚಲಿಸುತ್ತದೆ

ಅಳೆಯುವ ಮುನ್ನ ಏನನ್ನು ಅಳೆಯುತ್ತಿದ್ದೇವೆ ಎಂಬುದು ತಿಳಿದಿರಬೇಕು. ಸುಮಾರು 0.1 ರಿಂದ 0.5 ಮಿಲಿಮೀಟರ್ ಗಾತ್ರದ ಕಣಗಳು ಗಾಳಿಗೆ ಎದ್ದು, ಮುಂದೆ ಹೋಗಿ ಬಿದ್ದು, ಮತ್ತೆ ಪುಟಿಯುತ್ತ ಸಾಗುತ್ತವೆ. ಹೊಲ ಬಿಟ್ಟು ಹೋಗುವ ಮಣ್ಣಿನಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಸಾಮಾನ್ಯವಾಗಿ ಹೀಗೆ ಪುಟಿಯುವ ಕಣಗಳದ್ದೇ. ಅದಕ್ಕಿಂತ ದಪ್ಪ ಕಣಗಳು ನೆಲದ ಮೇಲೆ ಉರುಳುತ್ತವೆ. 0.1 ಮಿಲಿಮೀಟರಿಗಿಂತ ಸಣ್ಣ ಧೂಳು ಒಂದಕ್ಕೊಂದು ಅಂಟಿಕೊಂಡಿರುವುದರಿಂದ ಬರಿ ಗಾಳಿಗೆ ಸುಲಭವಾಗಿ ಏಳುವುದಿಲ್ಲ; ಪುಟಿಯುವ ಕಣ ಬಂದು ಬಡಿದಾಗ, ಅಥವಾ ಬಂಡಿ, ಟ್ರ್ಯಾಕ್ಟರ್, ದನಕುರಿಗಳ ಕಾಲ್ತುಳಿತಕ್ಕೆ ಸಿಕ್ಕಿದಾಗ ಎದ್ದು ಊರಾಚೆ ಹೋಗುತ್ತದೆ. ಹೊಲದ ನಡುವಿನ ಬಂಡಿದಾರಿ ಎಷ್ಟೋ ಕಡೆ ಇಡೀ ಹೊಲದ ಸವಕಳಿಗೆ ಮೊದಲ ಕಿಡಿಯಾಗುವುದು ಇದರಿಂದಲೇ. ಒಣಗಿದ ಸ್ಥಿತಿಯಲ್ಲಿ 0.84 ಮಿಲಿಮೀಟರಿಗಿಂತ ದಪ್ಪವಾದ ಹರಳು, ಹೆಂಟೆಗಳನ್ನು ಗಾಳಿ ಒಯ್ಯಲಾರದು ಎಂದು ಈ ಶಾಸ್ತ್ರದಲ್ಲಿ ಒಪ್ಪಲಾಗಿದೆ. ಈ ಒಂದು ಸಂಖ್ಯೆಯನ್ನು ನೆನಪಿಟ್ಟುಕೊಳ್ಳಿ, ಮುಂದಿನ ಕೆಲಸದ ಬಹುಪಾಲು ಇದರ ಮೇಲೆ ನಿಂತಿದೆ.

ಮೊದಲ ಹೆಜ್ಜೆ: ಅಪಾಯದ ವಾರಗಳನ್ನು ಗುರುತಿಸುವುದು

ಬಹಳ ಜನ ನಕ್ಷೆಯಿಂದ ಕೆಲಸ ಶುರು ಮಾಡುತ್ತಾರೆ. ನಾನು ಪಂಚಾಂಗದಿಂದ ಶುರು ಮಾಡಲು ಹೇಳುತ್ತೇನೆ, ಏಕೆಂದರೆ ಗಾಳಿ ಸವಕಳಿ ಒಂದು ಹೊಲದ ಶಾಶ್ವತ ಗುಣವಲ್ಲ. ಮಣ್ಣು ಒಣಗಿ, ನೆಲ ಬರಿದಾಗಿ, ಗಾಳಿ ಬಲವಾಗಿ ಬೀಸುವ ಮೂರೂ ಸಂಗತಿಗಳು ಒಂದೇ ವಾರದಲ್ಲಿ ಕೂಡಿದಾಗ ಮಾತ್ರ ಅದು ನಡೆಯುತ್ತದೆ. ಮೂರರಲ್ಲಿ ಒಂದು ತಪ್ಪಿದರೂ ಸವಕಳಿ ಇಲ್ಲ.

ನಮ್ಮಲ್ಲಿ ಅಂಥ ಕಾಲ ಎರಡು. ತೊಗರಿ ಡಿಸೆಂಬರ್–ಜನವರಿಯಲ್ಲಿ, ಕಡಲೆ ಮತ್ತು ಹಿಂಗಾರಿ ಜೋಳ ಫೆಬ್ರವರಿ–ಮಾರ್ಚ್‌ನಲ್ಲಿ ಕೈಗೆ ಬರುತ್ತವೆ. ತೊಗರಿ ಕಟ್ಟಿಗೆ ಒಲೆಗೆ, ಜೋಳದ ಕಣಿಕಿ ದನಕ್ಕೆ ಹೋಗಿ, ಉಳಿದದ್ದನ್ನು ಕುರಿ ಮೇಯ್ದ ಮೇಲೆ, ಯುಗಾದಿಯಿಂದ ಮೃಗಶಿರ ಮಳೆಯವರೆಗೆ ನೆಲ ಬರಿದಾಗಿರುತ್ತದೆ. ಏಪ್ರಿಲ್–ಮೇ ತಿಂಗಳ ಸಂಜೆಯ ಬಿರುಗಾಳಿಗಳು, ಅದರ ಬೆನ್ನಿಗೆ ಜೂನ್ ಮೊದಲ ದಿನಗಳಲ್ಲಿ ಮಳೆಗಿಂತ ಮುಂಚೆ ಬರುವ ಪಡುವಣ ಗಾಳಿ ಈ ಅವಧಿಗೇ ಬೀಳುತ್ತವೆ. ಇದು ಎಲ್ಲರಿಗೂ ಗೊತ್ತಿರುವ ಕಾಲ.

ಎರಡನೆಯದು ಗಮನಕ್ಕೆ ಬಾರದ ಕಾಲ, ನನ್ನ ಮಟ್ಟಿಗೆ ಹೆಚ್ಚು ಚಿಂತೆ ಹುಟ್ಟಿಸುವುದೂ ಅದೇ. ಜೇವರ್ಗಿ, ಅಫಜಲಪುರದ ಆಳವಾದ ಯರಿ ಭೂಮಿಯಲ್ಲಿ ಹಿಂಗಾರಿ ಜೋಳಕ್ಕೆಂದು ಇಡೀ ಮುಂಗಾರು ಹೊಲವನ್ನು ಬಿತ್ತದೆ ಬಿಟ್ಟು, ಕಸ ಏಳದಂತೆ ಕುಂಟೆ ಹೊಡೆಯುತ್ತಲೇ ಇರುವ ಪದ್ಧತಿಯಿದೆ. ದಖ್ಖನಿನಲ್ಲಿ ಗಾಳಿ ಅತಿ ಬಲವಾಗಿ, ಎಡೆಬಿಡದೆ ಬೀಸುವುದು ಜೂನ್, ಜುಲೈ, ಆಗಸ್ಟ್ ತಿಂಗಳುಗಳಲ್ಲೇ. ಈ ನಡುವೆ ಮಳೆ ಹತ್ತು ಹದಿನೈದು ದಿನ ಕೈಕೊಟ್ಟರೆ ಕುಂಟೆಯಿಂದ ಸಡಿಲಗೊಂಡ ಮೇಲ್ಪದರು ಬೇಗ ಒಣಗಿ, ಕೆಳಗೆ ಹಸಿ ಇದ್ದರೂ ಮೇಲಿನ ಒಂದು ಇಂಚು ಹಾರಲು ಸಿದ್ಧವಾಗಿರುತ್ತದೆ. ಆಗ ತಾನೆ ಮೊಳೆತ ಪಕ್ಕದ ಹೊಲದ ಹೆಸರು, ಉದ್ದು, ತೊಗರಿ ಸಸಿಗಳ ಎಲೆಗೆ ಬಡಿಯುವ ಕಣಗಳೂ ಅಲ್ಲಿಂದಲೇ ಬರುತ್ತವೆ.

ಗಾಳಿಯ ಲೆಕ್ಕಕ್ಕೆ ದಿನದ ಸರಾಸರಿ ವೇಗ ಸಾಲದು. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ಹೋಬಳಿ ಮಟ್ಟದಲ್ಲಿ ಸ್ವಯಂಚಾಲಿತ ಹವಾಮಾನ ಮಾಪಕಗಳನ್ನೂ ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಮಳೆಮಾಪಕಗಳನ್ನೂ ನಡೆಸುತ್ತಿದೆ; ನಿಮ್ಮ ಹೋಬಳಿಯ ದತ್ತಾಂಶವನ್ನು ಸಾಧ್ಯವಾದರೆ ಗಂಟೆವಾರು ಪಡೆಯಿರಿ, ಮಾಪಕ ಎಷ್ಟು ಎತ್ತರದಲ್ಲಿದೆ ಎಂದೂ ಕೇಳಿ. 10 ಮೀಟರ್ ಎತ್ತರದ ಅಳತೆಯನ್ನು 0.8 ರಿಂದ ಗುಣಿಸಿದರೆ 2 ಮೀಟರ್ ಎತ್ತರದ ವೇಗ ಸುಮಾರಾಗಿ ಸಿಗುತ್ತದೆ. 2 ಮೀಟರ್ ಎತ್ತರದಲ್ಲಿ ಸೆಕೆಂಡಿಗೆ 5 ಮೀಟರ್, ಅಂದರೆ ಗಂಟೆಗೆ 18 ಕಿಲೋಮೀಟರ್ ದಾಟಿದ ಗಂಟೆಗಳನ್ನಷ್ಟೇ ಎಣಿಕೆಗೆ ತೆಗೆದುಕೊಳ್ಳಿ. ಹಾಗೆ ತೆಗೆದುಕೊಂಡ ಪ್ರತಿ ಗಂಟೆಗೂ ವೇಗವನ್ನು, 5 ಕ್ಕಿಂತ ಹೆಚ್ಚಿಗಿರುವ ಭಾಗದ ವರ್ಗದಿಂದ ಗುಣಿಸಿ. ಸೆಕೆಂಡಿಗೆ 6 ಮೀಟರ್ ಗಾಳಿಗೆ 6 ಅಂಕ ಬಂದರೆ 8 ಮೀಟರ್ ಗಾಳಿಗೆ 72 ಅಂಕ, 10 ಮೀಟರ್ ಗಾಳಿಗೆ 250 ಅಂಕ ಬರುತ್ತದೆ. ಒಂದು ಸಂಜೆಯ ಬಿರುಗಾಳಿ ಒಂದು ವಾರದ ತಂಗಾಳಿಗಿಂತ ಎಷ್ಟು ಘೋರ ಎಂಬುದು ಇದರಿಂದ ತಿಳಿಯುತ್ತದೆ. ಮಳೆ ಬಿದ್ದು ಮೇಲ್ಮಣ್ಣು ಹಸಿಯಿದ್ದ ಗಂಟೆಗಳನ್ನು ಬಿಟ್ಟು ವಾರವಾರದ ಮೊತ್ತ ಬರೆದಿಡಿ. ಒಂದು ಊರಿನ ಹೊಲಗಳಿಗೆಲ್ಲ ಗಾಳಿ ಹೆಚ್ಚು ಕಡಿಮೆ ಒಂದೇ ಆಗಿರುವುದರಿಂದ ಈ ಅಂಕಿಗಳ ಜಾಗ ನಕ್ಷೆಯಲ್ಲ, ಪಂಚಾಂಗ.

ಎರಡನೆಯ ಹೆಜ್ಜೆ: ಹೊಲ ತಿರುಗಿ ಗುರುತು ನೋಡುವುದು

ಮೇ ತಿಂಗಳಲ್ಲಿ, ಒಂದು ಬಿರುಗಾಳಿಯ ಮಾರನೆಯ ಬೆಳಿಗ್ಗೆ, ಬಿಸಿಲು ಓರೆಯಾಗಿರುವಾಗಲೇ ಹೋಗಬೇಕು. ಮಧ್ಯಾಹ್ನದ ನೆತ್ತಿ ಬಿಸಿಲಿನಲ್ಲಿ ನೆಲದ ಸಣ್ಣ ಅಲೆಗಳು ಕಾಣುವುದಿಲ್ಲ. ಬದುವಿನ ಬುಡದಲ್ಲಿ, ಜಾಲಿ ಕಂಟಿಯ ಮರೆಯಲ್ಲಿ, ಕಲ್ಲಿನ ಹಿಂದೆ ಬಾಲದಂತೆ ಕೂತ ನುಣುಪು ಮಣ್ಣು, ಮೇಲ್ಮಣ್ಣು ಹೋಗಿ ಎದ್ದು ಕಾಣುವ ಗರಸು ಮತ್ತು ಸುಣ್ಣದ ಹರಳುಗಳು, ಉಳಿದ ಕೂಳೆಯ ಬುಡದಲ್ಲಿ ಬಯಲಾದ ಬೇರು, ಹೊಲದ ಕಾಲುವೆಯಲ್ಲಿ ನೀರು ಹರಿಯದಿದ್ದರೂ ತುಂಬಿದ ಹೂಳು, ಇವೆಲ್ಲ ಸಾಕ್ಷಿಗಳು. ಮಣ್ಣು ಯಾವ ಬದಿಗೆ ಕೂತಿದೆ ಎಂಬುದರಿಂದ ಕೆಡುಕು ಮಾಡಿದ ಗಾಳಿಯ ದಿಕ್ಕೂ ಗೊತ್ತಾಗುತ್ತದೆ. ಪ್ರತಿ ಗುರುತನ್ನೂ ಮೊಬೈಲಿನಲ್ಲಿ ಸ್ಥಳ ದಾಖಲಾಗುವಂತೆ ಚಿತ್ರ ತೆಗೆದುಕೊಳ್ಳಿ. ಹೊಲದವರನ್ನು, ಅದರಲ್ಲೂ ಕಸ ತೆಗೆಯಲು ಹೋಗುವ ಹೆಣ್ಣುಮಕ್ಕಳನ್ನು ಕೇಳಿ: ಯಾವ ಪಟ್ಟಿಯಲ್ಲಿ ಎರಡನೆಯ ಸಲ ಬಿತ್ತಬೇಕಾಗುತ್ತದೆ, ಎಲ್ಲಿ ಗಾಳಿಗೆ ಕಣ್ಣು ಬಿಡಲಾಗುವುದಿಲ್ಲ ಎಂಬುದು ಅವರಿಗೆ ಗೊತ್ತಿರುತ್ತದೆ.

ಸವೆತ ಅಳೆಯಲು ನೆಲಕ್ಕೆ ಮೊಳೆ ಅಥವಾ ಕಂಬಿ ನೆಟ್ಟು ಅದು ಎಷ್ಟು ಬಯಲಾಯಿತು ಎಂದು ನೋಡುವ ವಿಧಾನವನ್ನು ಹಲವು ಕೈಪಿಡಿಗಳು ಹೇಳುತ್ತವೆ. ಮಸಾರಿಯಲ್ಲಿ ಅದು ನಡೆಯುತ್ತದೆ. ಯರಿಯಲ್ಲಿ ಮಾತ್ರ ಅದನ್ನು ನಂಬಬೇಡಿ. ನೆನೆದರೆ ಉಬ್ಬಿ ಒಣಗಿದರೆ ಕುಗ್ಗುವ ಆ ಮಣ್ಣು, ಸವೆತವಿಲ್ಲದೆಯೂ ಕಂಬಿಯನ್ನು ಎತ್ತಿ ಇಳಿಸುತ್ತದೆ. ಬದಲಿಗೆ ಒಂದೇ ಅಳತೆಯ ಡಬ್ಬಿಗಳನ್ನು ಬಾಯಿ ನೆಲಮಟ್ಟಕ್ಕೆ ಬರುವಂತೆ ಹೂತು, ಪ್ರತಿ ಬಿರುಗಾಳಿಯ ನಂತರ ಬಿದ್ದ ಮಣ್ಣನ್ನು ತೂಗಿ. ಹೊಲದ ಗಾಳಿ ಬರುವ ಬದಿಗೆ ಒಂದು, ನಡುವೆ ಒಂದು, ಗಾಳಿ ಹೋಗುವ ಬದಿಗೆ ಒಂದು ಇದ್ದರೆ ಸಾಕು.

ಮೂರನೆಯ ಹೆಜ್ಜೆ: ಹರಳುಗಳ ಪರೀಕ್ಷೆ

ಇಡೀ ಕೆಲಸದಲ್ಲಿ ಹೆಚ್ಚು ತಾಳ್ಮೆ ಬೇಡುವುದು ಇದು. ಬರಿ ಮಣ್ಣಿನ ಜಾತಿ ನೋಡಿ ತೀರ್ಮಾನಿಸಿದರೆ ಎಲ್ಲಿ ಎಡವುತ್ತೇವೆಂದು ಆರಂಭದಲ್ಲೇ ಹೇಳಿದ್ದೇನೆ. ಪ್ರತಿ ಹೊಲದಲ್ಲಿ ಐದು ಜಾಗ ಆರಿಸಿ, ಮೇಲಿನ ಒಂದು ಇಂಚು ಮಣ್ಣನ್ನು ಮಾತ್ರ ಚಪ್ಪಟೆ ಸಲಿಕೆಯಿಂದ, ಹೆಂಟೆ ಒಡೆಯದಂತೆ ಎತ್ತಿ ಅಗಲವಾದ ತಟ್ಟೆಗೆ ಇಳಿಸಿ. ಚೀಲಕ್ಕೆ ತುಂಬಿ ಬೈಕಿನ ಮೇಲೆ ತಂದ ಮಣ್ಣು ದಾರಿಯಲ್ಲೇ ಪುಡಿಯಾಗುತ್ತದೆ. ನೆರಳಿನಲ್ಲಿ ಚೆನ್ನಾಗಿ ಒಣಗಿಸಿ, ಒಂದು ಕಿಲೋ ತೂಗಿ, 850 ಮೈಕ್ರಾನ್ ರಂಧ್ರದ ಜರಡಿಯಲ್ಲಿ ಮೆಲ್ಲಗೆ, ಪ್ರತಿ ಸಲವೂ ಅಷ್ಟೇ ಎಣಿಕೆಯ ಅಲುಗಾಟದಿಂದ ಜರಡಿ ಹಿಡಿಯಿರಿ. ಜೋರಾಗಿ ಜರಡಿ ಹಿಡಿದರೆ ಹರಳು ಒಡೆದು ಹೊಲ ಇರುವುದಕ್ಕಿಂತ ಕೆಟ್ಟದಾಗಿ ಕಾಣುತ್ತದೆ. ಈ ಜರಡಿ ಕಟ್ಟಡ ಸಾಮಗ್ರಿ ಪರೀಕ್ಷಿಸುವ ಪ್ರಯೋಗಾಲಯಗಳಲ್ಲೂ ಇರುತ್ತದೆ; ಸಿಗದಿದ್ದರೆ ಮನೆಯ ರವೆ ಜರಡಿ ಬಳಸಬಹುದು, ಆದರೆ ಆಗ ನಿಮ್ಮ ಹೊಲಗಳನ್ನು ಒಂದಕ್ಕೊಂದು ಹೋಲಿಸಲು ಮಾತ್ರ ಅಂಕಿ ಉಪಯೋಗಕ್ಕೆ ಬರುತ್ತದೆ.

ಜರಡಿಯ ಮೇಲೆ 250 ಗ್ರಾಂ ಉಳಿದರೆ ಹಾರದ ಪಾಲು ಶೇಕಡಾ 25. ಅಮೆರಿಕದ ಕ್ಯಾನ್ಸಸ್ ಸೀಮೆಯಲ್ಲಿ ರೂಪುಗೊಂಡ ಹಳೆಯ ಗಾಳಿ ಸವಕಳಿ ಸಮೀಕರಣದ ಪಟ್ಟಿಯನ್ನು ಹೋಲಿಕೆಯ ಅಂಕಗಳಿಗೆ ಇಳಿಸಿದರೆ ಹೀಗಾಗುತ್ತದೆ: ಹಾರದ ಪಾಲು ಶೇಕಡಾ 10 ಇರುವ ಮಣ್ಣಿಗೆ 100 ಅಂಕ ಎಂದಿಟ್ಟರೆ, ಶೇಕಡಾ 25 ಕ್ಕೆ 64, ಶೇಕಡಾ 40 ಕ್ಕೆ 42, ಶೇಕಡಾ 60 ಕ್ಕೆ 16, ಶೇಕಡಾ 80 ಕ್ಕೆ ಒಂದೆರಡು ಅಂಕ ಮಾತ್ರ. ಅಲ್ಲಿಯ ಎಕರೆವಾರು ಟನ್ ಲೆಕ್ಕವನ್ನು ಇಲ್ಲಿಗೆ ತರಬಾರದು, ಅನುಪಾತವನ್ನಷ್ಟೇ ತರಬೇಕು. ಬೀದರ್, ಹುಮನಾಬಾದ್ ಕಡೆಯ ಜಂಬಿಟ್ಟಿಗೆ ನೆಲದಲ್ಲಿ ಜರಡಿಯ ಮೇಲೆ ಉಳಿದದ್ದರಲ್ಲಿ ಗರಸು ಎಷ್ಟು, ಮಣ್ಣಿನ ಹೆಂಟೆ ಎಷ್ಟು ಎಂದು ಬೇರೆ ಬರೆದುಕೊಳ್ಳಿ. ಎರಡೂ ಗಾಳಿಗೆ ಹಾರುವುದಿಲ್ಲ ನಿಜ, ಆದರೆ ಹೆಂಟೆ ಮುಂದಿನ ಹರಗುವಿಕೆಗೆ ಪುಡಿಯಾದೀತು, ಗರಸು ಹಾಗೆಯೇ ಉಳಿದೀತು.

ನಾಲ್ಕನೆಯ ಹೆಜ್ಜೆ: ನೆಲದ ಹೊದಿಕೆ

15 ಮೀಟರ್ ಹಗ್ಗಕ್ಕೆ 15 ಸೆಂಟಿಮೀಟರಿಗೊಂದರಂತೆ 100 ಗಂಟು ಹಾಕಿ, ಸಾಲುಗಳಿಗೆ ಓರೆಯಾಗಿ ಎಳೆದು ಹಿಡಿಯಿರಿ. ನೇರ ಮೇಲಿನಿಂದ ನೋಡಿದಾಗ ಎಷ್ಟು ಗಂಟುಗಳ ಕೆಳಗೆ ಎಲೆ, ದಂಟು, ಹೊಟ್ಟು ಇದೆಯೋ ಅಷ್ಟೇ ಶೇಕಡಾ ಹೊದಿಕೆ. ಒಂದು ಹೊಲದಲ್ಲಿ ಮೂರು ಕಡೆ ಎಣಿಸಿ ಸರಾಸರಿ ತೆಗೆಯಿರಿ. ಮೇಲೆ ಹೇಳಿದ ಗಾಳಿ ಸವಕಳಿ ಸಮೀಕರಣದ ಪರಿಷ್ಕೃತ ರೂಪದ ಪ್ರಕಾರ ಶೇಕಡಾ 5 ಹೊದಿಕೆ ಇದ್ದರೆ ಬರಿ ನೆಲದ ಸವಕಳಿಯಲ್ಲಿ 0.80 ಪಾಲು ಉಳಿಯುತ್ತದೆ, ಶೇಕಡಾ 20 ಇದ್ದರೆ 0.42, ಶೇಕಡಾ 30 ಇದ್ದರೆ 0.27, ಅರ್ಧ ನೆಲ ಮುಚ್ಚಿದ್ದರೆ 0.11. ಮೊದಲ ಮೂವತ್ತು ಗಂಟುಗಳಲ್ಲೇ ಹೆಚ್ಚಿನ ರಕ್ಷಣೆ ಸಿಕ್ಕಿಬಿಡುತ್ತದೆ ಎಂಬುದನ್ನು ಗಮನಿಸಿ. ತೊಗರಿ ತಾನೇ ಉದುರಿಸುವ ಎಲೆಯನ್ನು ಗುಡಿಸಿ ಒಯ್ಯದೆ ಬಿಟ್ಟಷ್ಟೂ ಈ ಎಣಿಕೆ ಏರುತ್ತದೆ.

ನಿಂತ ಕೂಳೆಯ ಲೆಕ್ಕ ಬೇರೆ, ಏಕೆಂದರೆ ಅದು ನೆಲ ಮುಚ್ಚುವುದಕ್ಕಿಂತ ಗಾಳಿಯ ಬಲವನ್ನೇ ಮುರಿಯುತ್ತದೆ. ಒಂದು ಚದರ ಮೀಟರಿನಲ್ಲಿರುವ ಕೂಳೆಗಳ ಸಂಖ್ಯೆ, ಅವುಗಳ ದಪ್ಪ, ಎತ್ತರ ಮೂರನ್ನೂ ಗುಣಿಸಿದರೆ ಗಾಳಿಗೆ ಅಡ್ಡ ನಿಂತ ಮೈ ಎಷ್ಟು ಎಂದು ಸಿಗುತ್ತದೆ. ಚದರ ಮೀಟರಿಗೆ 12 ಜೋಳದ ಕೂಳೆ, ದಪ್ಪ ಒಂದೂವರೆ ಸೆಂಟಿಮೀಟರ್ ಎಂದುಕೊಳ್ಳೋಣ. 5 ಸೆಂಟಿಮೀಟರ್ ಎತ್ತರಕ್ಕೆ ಕೊಯ್ದರೆ ಅದೇ ಸಮೀಕರಣದಂತೆ ಸವಕಳಿಯ 0.54 ಪಾಲು ಉಳಿಯುತ್ತದೆ. 15 ಸೆಂಟಿಮೀಟರ್ ಎತ್ತರಕ್ಕೆ ಕೊಯ್ದರೆ 0.29 ಪಾಲು ಮಾತ್ರ. ಬೇರುಸಹಿತ ಕಿತ್ತರೆ ಈ ರಕ್ಷಣೆ ಸೊನ್ನೆ. ನಾಲ್ಕು ಬೆರಳಷ್ಟು ಕಣಿಕಿಯನ್ನು ಹೊಲಕ್ಕೆ ಬಿಟ್ಟುಕೊಡುವುದು ಮೇವಿನ ಬರವಿರುವ ವರ್ಷ ಸಣ್ಣ ಮಾತಲ್ಲ, ಅದನ್ನು ಬಲ್ಲೆ. ಆದರೂ ಎಲ್ಲ ಹೊಲದಲ್ಲೂ ಬಿಡಬೇಕಾಗಿಲ್ಲ, ನಕ್ಷೆಯಲ್ಲಿ ಕೆಂಪಾಗುವ ಹೊಲದಲ್ಲಿ ಬಿಟ್ಟರೆ ಸಾಕು. ನಕ್ಷೆ ಬೇಕಾಗುವುದೇ ಇದಕ್ಕೆ.

ಐದನೆಯ ಹೆಜ್ಜೆ: ಉಬ್ಬುತಗ್ಗು ಮತ್ತು ಬಯಲಿನ ಉದ್ದ

ಒಂದು ಮೀಟರ್ ಉದ್ದದ ಸಣ್ಣ ಕೊಂಡಿಯ ಸರಪಳಿಯನ್ನು ಗಾಳಿಯ ದಿಕ್ಕಿಗೆ ನೆಲದ ಮೇಲೆ ಹಾಸಿ, ಅದು ಹೆಂಟೆ ತಗ್ಗುಗಳಲ್ಲಿ ಇಳಿದು ಕೂತ ಮೇಲೆ ಎರಡು ತುದಿಗಳ ನೇರ ಅಂತರ ಅಳೆಯಿರಿ. 95 ಸೆಂಟಿಮೀಟರಿಗಿಂತ ಹೆಚ್ಚಿದ್ದರೆ ನೆಲ ನುಣುಪು. ನಾನು ಅದಕ್ಕೆ 1 ಎಂದು ಹಿಡಿಯುತ್ತೇನೆ. 90 ರ ಆಸುಪಾಸಿಗೆ 0.8, 85 ಅಥವಾ ಅದಕ್ಕೂ ಕಡಿಮೆಗೆ 0.6. ಮಾಗಿ ಉಳುಮೆಯ ದೊಡ್ಡ ಹೆಂಟೆಗಳು ಇಲ್ಲಿ ಕಾಪಾಡುತ್ತವೆ, ನುಣುಪಾಗುವವರೆಗೆ ಹರಗಿದ ಹೊಲ ಸೋಲುತ್ತದೆ. ಸಾಲುಗಳು ಗಾಳಿಗೆ ಅಡ್ಡವಿದ್ದರೆ ಮಾತ್ರ ಪ್ರಯೋಜನ. ಪೂರ್ವ ಪಶ್ಚಿಮವಾಗಿ ಹೊಡೆದ ಸಾಲು ಪಡುವಣ ಗಾಳಿಗೆ ದಾರಿ ಮಾಡಿಕೊಟ್ಟಂತೆ.

ಪುಟಿಯುವ ಕಣ ಮುಂದೆ ಹೋದಂತೆಲ್ಲ ಇನ್ನಷ್ಟು ಕಣಗಳನ್ನು ಎಬ್ಬಿಸುವುದರಿಂದ, ಗಾಳಿಯ ದಿಕ್ಕಿನಲ್ಲಿ ಅಡೆತಡೆಯಿಲ್ಲದ ಬಯಲು ಉದ್ದವಾದಷ್ಟೂ ಸವಕಳಿ ಏರುತ್ತದೆ. ಪಶ್ಚಿಮದಿಂದ ಪೂರ್ವಕ್ಕೆ ಹೊಲದ ಉದ್ದ ಅಳೆದು, ಅದರಲ್ಲಿ ಪಶ್ಚಿಮದ ಅಂಚಿನ ಮರಸಾಲಿನ ಎತ್ತರದ ಹತ್ತು ಪಟ್ಟನ್ನು ಕಳೆಯಿರಿ. 6 ಮೀಟರ್ ಎತ್ತರದ ಬೇವಿನ ಸಾಲು 60 ಮೀಟರ್ ಕಾಯುತ್ತದೆ. ಬದು ಗಾಳಿಯನ್ನೂ ತಡೆಯುತ್ತದೆ ಎಂದು ನಂಬಿದವರು ಇದೇ ಲೆಕ್ಕ ಹಾಕಿ ನೋಡಲಿ: 60 ಸೆಂಟಿಮೀಟರ್ ಎತ್ತರದ ಬದು ಕಾಯುವುದು ಬರಿ 6 ಮೀಟರ್. ಉಳಿದ ಬಯಲು 50 ಮೀಟರಿಗಿಂತ ಕಡಿಮೆಯಿದ್ದರೆ 0.5, 150 ಮೀಟರ್‌ವರೆಗೆ 0.8, ಮೇಲ್ಪಟ್ಟು 1 ಎಂದು ಹಿಡಿಯಬಹುದು. ಹೊಲದ ನಡುವಿನ ಬೇಲಿ ಕಿತ್ತು ಅಕ್ಕಪಕ್ಕದ ನಾಲ್ಕು ಹೊಲ ಒಂದಾಗಿದ್ದರೆ ಅದನ್ನು ಒಂದೇ ಬಯಲೆಂದು ಎಣಿಸಬೇಕು, ಪಹಣಿ ನಾಲ್ಕಾದರೂ ಗಾಳಿಗೆ ಒಂದೇ. ಉಬ್ಬುತಗ್ಗಿನ ಮತ್ತು ಉದ್ದದ ಈ ಗುಣಕಗಳು ನನ್ನ ಅಂದಾಜಿನ ಅನುಕೂಲದ ಅಂಕಿಗಳು. ನಿಮ್ಮ ಡಬ್ಬಿಯ ತೂಕ ಬೇರೆ ಹೇಳಿದರೆ ಡಬ್ಬಿಯ ಮಾತು ಕೇಳಿ.

ಆರನೆಯ ಹೆಜ್ಜೆ: ಕೂಡಿಸದೆ ಗುಣಿಸುವುದು

ಅಂಕಗಳನ್ನು ಕೂಡಿಸುವ ಪದ್ಧತಿ ಸುಲಭ, ಆದರೆ ತಪ್ಪು. ನೆಲ ಪೂರ್ತಿ ಮುಚ್ಚಿದ್ದರೆ ಮಣ್ಣು ಎಷ್ಟೇ ಸಡಿಲವಿದ್ದರೂ ಅಪಾಯ ಸೊನ್ನೆಗೆ ಇಳಿಯಬೇಕು, ಗುಣಾಕಾರ ಮಾತ್ರ ಅದನ್ನು ಮಾಡುತ್ತದೆ. ಹರಳಿನ ಅಂಕ, ಹೊದಿಕೆಯ ಪಾಲು, ಉಬ್ಬುತಗ್ಗಿನ ಗುಣಕ, ಬಯಲಿನ ಉದ್ದದ ಗುಣಕ, ಇವನ್ನು ಇದೇ ಕ್ರಮದಲ್ಲಿ ಗುಣಿಸಬೇಕು; ಕೂಳೆ ನಿಂತಿದ್ದರೆ ಅದರ ಪಾಲಿನಿಂದಲೂ. ಲೆಕ್ಕಕ್ಕೆಂದು ಕೂಳೆಯಿಲ್ಲದ ಮೂರು ಹೊಲ ತೆಗೆದುಕೊಳ್ಳೋಣ. ಮೊದಲನೆಯದು ಜೋಳ ಕಿತ್ತು ನುಣ್ಣಗೆ ಹರಗಿದ ಯರಿ, ಹಾರದ ಪಾಲು ಶೇಕಡಾ 25, ಹೊದಿಕೆ ಶೇಕಡಾ 5, ಉದ್ದನೆಯ ಬಯಲು: 64 × 0.80 × 1 × 1 = 51. ಎರಡನೆಯದು ಅದೇ ಮಣ್ಣು, ಅಷ್ಟೇ ಬಯಲು, ಆದರೆ ತೊಗರಿ ಎಲೆ ಶೇಕಡಾ 30 ಮುಚ್ಚಿದೆ, ನೆಲ ಸ್ವಲ್ಪ ಒರಟು: 64 × 0.27 × 0.8 × 1 = 14. ಮೂರನೆಯದು ಗುರುಮಠಕಲ್ ಕಡೆಯಂಥ ಮಸಾರಿ, ಹಾರದ ಪಾಲು ಶೇಕಡಾ 10, ಹೊದಿಕೆ ಶೇಕಡಾ 20, ನೆಲ ನುಣುಪು, ಮರಸಾಲಿನಿಂದಾಗಿ ಗಿಡ್ಡ ಬಯಲು: 100 × 0.42 × 1 × 0.5 = 21. ಮಣ್ಣಿನ ನಕ್ಷೆಯೊಂದನ್ನೇ ನೋಡಿದ್ದರೆ ಮಸಾರಿಗೆ ಮೊದಲ ಸ್ಥಾನ ಕೊಡುತ್ತಿದ್ದೆವು; ಲೆಕ್ಕದಲ್ಲಿ ಯರಿ ಹೊಲವೇ ಅದರ ಎರಡು ಪಟ್ಟಿಗಿಂತ ಹೆಚ್ಚು ಅಪಾಯದಲ್ಲಿದೆ. 40 ಕ್ಕೆ ಮೇಲ್ಪಟ್ಟದ್ದಕ್ಕೆ ಕೆಂಪು, 15 ರಿಂದ 40 ಕ್ಕೆ ಹಳದಿ, ಅದಕ್ಕಿಂತ ಕಡಿಮೆಗೆ ಹಸಿರು ಎಂದು ಬಣ್ಣ ಕೊಟ್ಟರೆ ಆರಂಭಕ್ಕೆ ಸಾಕು.

ಏಳನೆಯ ಹೆಜ್ಜೆ: ನಕ್ಷೆ

ಗ್ರಾಮನಕ್ಷೆಯನ್ನು ತಳಪದರವಾಗಿ ಇಟ್ಟುಕೊಳ್ಳಿ. ನಿಂತ ಜಾಗದ ಸರ್ವೆ ನಂಬರನ್ನು ದಿಶಾಂಕ್ ಆ್ಯಪ್ ತೋರಿಸುತ್ತದೆ. ರಾಜ್ಯದ ಜಲಾನಯನ ಅಭಿವೃದ್ಧಿಯ ಸುಜಲಾ-3 ಯೋಜನೆಯಲ್ಲಿ ಈ ಮೂರೂ ಜಿಲ್ಲೆಗಳ ಆಯ್ದ ಕಿರುಜಲಾನಯನಗಳಿಗೆ 1:7920 ಪ್ರಮಾಣದ ಭೂ ಸಂಪನ್ಮೂಲ ಸಮೀಕ್ಷೆ ನಡೆದಿದ್ದು, ನಿಮ್ಮ ಊರು ಅದರಲ್ಲಿದ್ದರೆ ಮೇಲ್ಮಣ್ಣಿನ ಗುಣ, ಆಳ, ಗರಸು, ಇಳಿಜಾರುಗಳ ವಿವರ ಸರ್ವೆ ನಂಬರಿನ ಮಟ್ಟದಲ್ಲೇ ದೊರೆಯುತ್ತದೆ. ಇವನ್ನೆಲ್ಲ ಉಚಿತವಾಗಿ ಸಿಗುವ ಕ್ಯೂಜಿಐಎಸ್ ತಂತ್ರಾಂಶದಲ್ಲಿ ಒಂದರ ಮೇಲೊಂದು ಇರಿಸಬಹುದು.

ಹತ್ತು ಹೊಲ ಅಳೆದು ನೂರು ಹೊಲದ ಹೊದಿಕೆ ಊಹಿಸಲು ಸೆಂಟಿನೆಲ್-2 ಉಪಗ್ರಹದ ಚಿತ್ರಗಳು ನೆರವಾಗುತ್ತವೆ. ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಹಸಿರನ್ನು ಅಳೆಯುವ ಎನ್‌ಡಿವಿಐ ಸೂಚಿಗೆ ಒಣಗಿದ ಕೂಳೆ, ಉದುರಿದ ಎಲೆ ಕಾಣುವುದಿಲ್ಲ. ಅದರ ಕಣ್ಣಿಗೆ ಮೇ ತಿಂಗಳ ಎಲ್ಲ ಹೊಲವೂ ಬರಿದೇ. ಒಣ ಹೊದಿಕೆಗೆ, ಉಪಗ್ರಹ ಬೇರೆ ಬೇರೆಯಾಗಿ ಅಳೆಯುವ ಬೆಳಕಿನ ಪಟ್ಟಿಗಳ (ಬ್ಯಾಂಡ್) ಪೈಕಿ 11 ಮತ್ತು 12 ನೇ ಪಟ್ಟಿಗಳ ವ್ಯತ್ಯಾಸವನ್ನು ಅವುಗಳ ಮೊತ್ತದಿಂದ ಭಾಗಿಸುವ ಎನ್‌ಡಿಟಿಐ ಸೂಚಿಯನ್ನು ಬಳಸಬೇಕು. ಮಣ್ಣು ಹಸಿಯಿದ್ದಾಗ ಈ ಸೂಚಿ ದಾರಿ ತಪ್ಪಿಸುವುದರಿಂದ ಮಳೆ ಬಿದ್ದು ಕೆಲವು ದಿನ ಕಳೆದ ಚಿತ್ರವನ್ನೇ ಆರಿಸಿ. ಹಗ್ಗದಿಂದ ಎಣಿಸಿದ ಹೊಲಗಳ ಅಂಕಿಯನ್ನು ಅದೇ ಹೊಲಗಳ ಸೂಚಿಯ ಎದುರಿಗೆ ಬರೆದು ನೋಡಿದರೆ ಉಳಿದ ಹೊಲಗಳನ್ನು ಓದುವ ಕೀಲಿ ಸಿಗುತ್ತದೆ. ಈ ಪಟ್ಟಿಗಳ ಒಂದು ಚೌಕ 20 ಮೀಟರ್, ಅಂದರೆ ಎಕರೆಗೆ ಸುಮಾರು ಹತ್ತು ಚೌಕ. ಬದುವಿನ ಅಂಚಿನ ಚೌಕಗಳನ್ನು ಬಿಟ್ಟುಬಿಡಿ.

ನಕ್ಷೆ ಒಂದಲ್ಲ, ಎರಡು ಮಾಡಿ. ಮಣ್ಣಿನ ಜಾತಿ, ಗರಸು, ಬಯಲಿನ ಉದ್ದ, ಮರಸಾಲು ಇವು ಬೇಗ ಬದಲಾಗವು. ಅವುಗಳ ನಕ್ಷೆ ಹಲವು ವರ್ಷ ಬಾಳುತ್ತದೆ. ಹರಳು, ಹೊದಿಕೆ, ಉಬ್ಬುತಗ್ಗು ಸೇರಿದ ನಕ್ಷೆಯ ಮೇಲೆ ಮಾತ್ರ ತಾರೀಖು ಬರೆಯದೆ ಯಾರಿಗೂ ಕೊಡಬೇಡಿ. ಏಪ್ರಿಲ್ ನಡುವಿನ ಒಂದು, ಮೇ ಕೊನೆಯ ಒಂದು, ಬಿತ್ತದೆ ಬಿಟ್ಟ ಯರಿ ಹೊಲಗಳಿಗೆ ಜುಲೈನ ಒಂದು, ಹೀಗೆ ವರ್ಷಕ್ಕೆ ಮೂರು ಸಾಕು. ಅದರ ಪಕ್ಕದಲ್ಲಿ ಮೊದಲ ಹೆಜ್ಜೆಯ ವಾರವಾರದ ಗಾಳಿಯ ಮೊತ್ತ ಅಚ್ಚಾಗಿರಲಿ.

ಎಂಟನೆಯ ಹೆಜ್ಜೆ: ತಪ್ಪು ಹುಡುಕುವುದು

ಮೊದಲ ದೊಡ್ಡ ಗಾಳಿಯ ನಂತರ ನಕ್ಷೆ ಹಿಡಿದು ಮತ್ತೆ ಹೊಲಕ್ಕೆ ಹೋಗಿ. ಕೆಂಪು ಎಂದ ಐದು, ಹಸಿರು ಎಂದ ಐದು ಹೊಲಗಳ ಡಬ್ಬಿ ತೂಗಿ, ಬದುವಿನ ಬುಡ ನೋಡಿ. ಹಸಿರು ಎಂದ ಹೊಲದಲ್ಲಿ ಮಣ್ಣು ಸಿಕ್ಕರೆ ಅದು ಅಲ್ಲಿಯದೇ, ಗಾಳಿ ಬರುವ ಬದಿಯ ಹೊಲದ್ದೇ ಎಂದು ಬಣ್ಣದಿಂದ ತಿಳಿಯುವ ಪ್ರಯತ್ನ ಮಾಡಿ. ಯರಿ ಮತ್ತು ಮಸಾರಿ ಅಕ್ಕಪಕ್ಕ ಇರುವ ಊರುಗಳಲ್ಲಿ ಇದು ಸುಲಭ. ಹೊದಿಕೆ ಎಣಿಸಿದ ದಿನದ ನಂತರ ಕುರಿ ಹಿಂಡು ಬಿಟ್ಟಿದ್ದರೇ, ಇನ್ನೊಮ್ಮೆ ಹರಗಿದರೇ ಎಂದು ಹೊಲದವರನ್ನು ಕೇಳಿ, ಏಕೆಂದರೆ ನಕ್ಷೆಯ ಹೆಚ್ಚಿನ ತಪ್ಪುಗಳು ಲೆಕ್ಕದಿಂದಲ್ಲ, ಹೀಗೆ ಕಣ್ಣು ತಪ್ಪಿದ ಒಂದು ದಿನದ ಕೆಲಸದಿಂದ ಬರುತ್ತವೆ. ಕಂಡ ವ್ಯತ್ಯಾಸವನ್ನು ಆಯಾ ಸರ್ವೆ ನಂಬರಿನ ಎದುರು ಬರೆದು, ಉಬ್ಬುತಗ್ಗು ಮತ್ತು ಉದ್ದದ ಗುಣಕಗಳನ್ನು ಮುಂದಿನ ಏಪ್ರಿಲ್‌ನ ನಕ್ಷೆಗೆ ಮುಂಚೆ ತಿದ್ದಿಕೊಳ್ಳಿ.